ಫೋರ್ಟ್ ಕೊಚ್ಚಿಯಲ್ಲಿ ಗೋಡೆ ನೋಡುತ್ತಾ ಒಂದು ದಿನ

ಮೊದಲ ಸಲ ಫೋರ್ಟ್ ಕೊಚ್ಚಿಗೆ ಹೋದಾಗ ನನ್ನ ಫೋನಿನಲ್ಲಿ ಹದಿನಾಲ್ಕು ಗೋಡೆ ಚಿತ್ರಗಳ ಪಟ್ಟಿ ಇತ್ತು. ಯಾವ ಬೀದಿ, ಯಾವ ತಿರುವು, ಎಲ್ಲಾ ಬರೆದುಕೊಂಡಿದ್ದೆ. ಸಿಕ್ಕಿದ್ದು ಐದು. ಒಂದರ ಮೇಲೆ ಹೊಸ ಸುಣ್ಣ ಬಿದ್ದಿತ್ತು. ಇನ್ನೊಂದು ಗೋಡೆಯೇ ಇರಲಿಲ್ಲ, ಅಲ್ಲಿ ಗೇಟ್ ಬಂದಿತ್ತು. ಬಿಸಿಲಲ್ಲಿ ಅಲೆದು ಸುಸ್ತಾಗಿ ಒಂದು ಚಹಾ ಅಂಗಡಿಯಲ್ಲಿ ಕೂತು ಪಟ್ಟಿ ತೋರಿಸಿದೆ. ಅಂಗಡಿಯವರು ನೋಡಿ ನಕ್ಕರು. "ಇದೆಲ್ಲಾ ಪೋಯಿ" ಅಂದರು. ಹೋಯಿತು ಅಂತ.

ಆಮೇಲೆ ಎರಡು ಸಲ ಹೋಗಿದ್ದೇನೆ, ಪಟ್ಟಿ ಇಲ್ಲದೆ. ಎರಡು ಸಲವೂ ಜಾಸ್ತಿ ಸಿಕ್ಕಿತು. ಹಾಗಾಗಿ ಇಲ್ಲಿ ನಾನು "ನೋಡಲೇಬೇಕಾದ ಹತ್ತು ಚಿತ್ರಗಳು" ಅಂತ ಬರೆಯುತ್ತಿಲ್ಲ. ನೀವು ಹೋಗುವ ಹೊತ್ತಿಗೆ ಅವುಗಳಲ್ಲಿ ಅರ್ಧ ಇರುವುದಿಲ್ಲ. ಎಲ್ಲಿ ಹುಡುಕಬೇಕು, ಸಿಕ್ಕಿದ್ದನ್ನು ಹೇಗೆ ನೋಡಬೇಕು ಅನ್ನುವುದನ್ನು ಹೇಳುತ್ತೇನೆ.

ಮೊದಲು ದಿನ ಆರಿಸಿಕೊಳ್ಳಿ

ಒಂದೇ ದಿನ ಇದ್ದರೆ ಶುಕ್ರವಾರ ಬೇಡ. ದಿನದ ಕೊನೆಗೆ ಹಳೇ ಗೋಡೆ ಚಿತ್ರ ನೋಡಲು ನಾವು ಹೋಗಬೇಕಾದ ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ. ಪಕ್ಕದ ಯಹೂದಿ ಸಿನಗಾಗ್ ಕೂಡ ನೋಡುವ ಆಸೆ ಇದ್ದರೆ ಶನಿವಾರವನ್ನೂ ಬಿಡಿ, ಅದು ಅವರ ಸಬ್ಬತ್ ದಿನ. ಭಾನುವಾರ ಬೆಳಗ್ಗೆ ಒಳ್ಳೆಯದು. ಅಂಗಡಿ ತೆರೆದಿರುವುದಿಲ್ಲ, ಗೋಡೆಗೆ ಒರಗಿಸಿದ ಬೈಕು, ಗಾಡಿ ಕಡಿಮೆ.

ತಿಂಗಳು ಅಂದರೆ ಡಿಸೆಂಬರ್‌ನಿಂದ ಮಾರ್ಚ್. ಇದಕ್ಕೆ ಹವೆಯಷ್ಟೇ ಕಾರಣ ಅಲ್ಲ. ಕೊಚ್ಚಿ-ಮುಜಿರಿಸ್ ಬಿನಾಲೆ ನಡೆಯುವುದು ಆ ತಿಂಗಳುಗಳಲ್ಲೇ. ಬೋಸ್ ಕೃಷ್ಣಮಾಚಾರಿ ಮತ್ತು ರಿಯಾಸ್ ಕೋಮು ಸೇರಿ ಶುರು ಮಾಡಿದ ಈ ಕಲಾಮೇಳ ಮೊದಲು ನಡೆದದ್ದು 2012ರ ಡಿಸೆಂಬರ್ 12ರಿಂದ. 12-12-12. ಎರಡು ವರ್ಷಕ್ಕೊಮ್ಮೆ ಅನ್ನುವ ಲೆಕ್ಕ ಕೋವಿಡ್‌ನಲ್ಲಿ ತಪ್ಪಿತು. ಐದನೇದು 2022ರ ಡಿಸೆಂಬರ್‌ನಲ್ಲಿ, ಆರನೇದು 2025ರ ಡಿಸೆಂಬರ್‌ನಲ್ಲಿ ಶುರುವಾಯಿತು. ನಮ್ಮವರಿಗೆ ಒಂದು ಸಣ್ಣ ಹೆಮ್ಮೆಯ ವಿಷಯ: 2016ರ ಬಿನಾಲೆಗೆ ಕಲಾಕೃತಿ ಆರಿಸಿದ ಕ್ಯುರೇಟರ್ ಸುದರ್ಶನ್ ಶೆಟ್ಟಿ ಹುಟ್ಟಿದ್ದು ಮಂಗಳೂರಿನಲ್ಲಿ.

ಬಿನಾಲೆ ಇರುವ ವರ್ಷ ಊರಿನ ಗೋಡೆಗಳಿಗೆಲ್ಲಾ ಜೀವ ಬಂದಿರುತ್ತದೆ. ಬಿನಾಲೆಯದೇ ಚಿತ್ರಗಳು ಒಂದು ಕಡೆ. ಯಾರೂ ಕರೆಯದೆ ಬಂದು ರಾತ್ರೋರಾತ್ರಿ ಬಳಿದು ಹೋಗುವವರದು ಇನ್ನೊಂದು ಕಡೆ. ಹೋಂಸ್ಟೇ, ಕೆಫೆಯವರು ತಮ್ಮ ಗೋಡೆಗೆ ಬರೆಸುವುದು ಮತ್ತೊಂದು. ಬಿನಾಲೆ ಇಲ್ಲದ ವರ್ಷ ಹೋದರೆ ಇವೆಲ್ಲದರ ಉಳಿಕೆ ಸಿಗುತ್ತದೆ. ನನಗೆ ಅದೇ ಜಾಸ್ತಿ ಇಷ್ಟ, ಜನ ಕಡಿಮೆ.

ಡಿಸೆಂಬರ್ 31ಕ್ಕೆ ಮಾತ್ರ ಚಿತ್ರ ನೋಡಲು ಹೋಗಬೇಡಿ. ಅವತ್ತು ನಡುರಾತ್ರಿ ಕಡಲ ದಂಡೆ ಕಡೆ ಪಪ್ಪಾಂಜಿ ಅನ್ನುವ ದೊಡ್ಡ ಮುದುಕನ ಬೊಂಬೆ ಸುಡುತ್ತಾರೆ. ಅದಕ್ಕೆ ಅಂತ ಹೋದರೆ ಸರಿ, ಆದರೆ ಗೋಡೆ ಕಾಣುವುದಿಲ್ಲ, ತಲೆಗಳೇ ಕಾಣುವುದು.

ದೋಣಿಯಲ್ಲೇ ಬನ್ನಿ

ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಎರ್ನಾಕುಲಂ. ಮಂಗಳೂರಿನಿಂದ ಸೀದಾ ರೈಲುಗಳು ಬೇಕಷ್ಟಿವೆ. ಎರ್ನಾಕುಲಂನಿಂದ ಫೋರ್ಟ್ ಕೊಚ್ಚಿಗೆ ಆಟೋದಲ್ಲಿ ಹೋದರೆ ಸೇತುವೆ, ಟ್ರಾಫಿಕ್, ಹೊಗೆ. ಅದರ ಬದಲು ಎರ್ನಾಕುಲಂ ಮುಖ್ಯ ಜೆಟ್ಟಿಯಿಂದ ಸರ್ಕಾರಿ ಬೋಟ್ ಹತ್ತಿ, ಇಲ್ಲವೇ ಹೈಕೋರ್ಟ್ ಬಳಿಯ ನಿಲ್ದಾಣದಿಂದ ವಾಟರ್ ಮೆಟ್ರೋ. ವಾಟರ್ ಮೆಟ್ರೋ 2023ರಲ್ಲಿ ಶುರುವಾಯಿತು, ಫೋರ್ಟ್ ಕೊಚ್ಚಿಗೆ ಬಂದದ್ದು 2024ರಲ್ಲಿ. ಅದು ಎ.ಸಿ., ಹೊಸದು, ಚೆಂದ. ಹಳೇ ಬೋಟ್ ಅಗ್ಗ, ಗಾಳಿ ಬರುತ್ತದೆ. ಎರಡೂ ಇಳಿಸುವ ಜಾಗದಿಂದ ಚೀನಾ ಬಲೆಗಳು, ಅಂದರೆ ದಂಡೆಯಲ್ಲಿ ನಿಲ್ಲಿಸಿದ ದೊಡ್ಡ ಮೀನುಬಲೆಗಳು, ನಡೆದು ಹೋಗುವಷ್ಟು ದೂರ.

ಬ್ಯಾಗಿನಲ್ಲಿ ನೀರು, ಟೋಪಿ, ಒಂದು ಚಿಕ್ಕ ಪುಸ್ತಕ, ಪೆನ್ನು. ಕಾಲಿಗೆ ಹಳೇ ಚಪ್ಪಲಿ ಸಾಕು, ಊರು ಸಪಾಟಾಗಿದೆ. ಈಜುಡುಗೆ ಮನೆಯಲ್ಲೇ ಇರಲಿ. ಇಲ್ಲಿನ ಕಡಲ ದಂಡೆ ಕಿರಿದು, ಕಲ್ಲು ಜಾಸ್ತಿ, ಜೊಂಡು ಬಂದು ಬಿದ್ದಿರುತ್ತದೆ. ನೀರಿಗಿಳಿಯುವ ಊರಲ್ಲ ಇದು, ದಂಡೆಯಲ್ಲಿ ನಡೆಯುವ ಊರು.

ಬೆಳಗಿನ ಸುತ್ತು

ಏಳಕ್ಕೆ ಶುರು ಮಾಡಿ. ಒಂಬತ್ತೂವರೆ ದಾಟಿದರೆ ಬಿಸಿಲು ಗೋಡೆಗೆ ಹೊಡೆದು ಬಣ್ಣವೆಲ್ಲಾ ಬಿಳಿಚಿಕೊಳ್ಳುತ್ತದೆ, ನೋಡುವವರ ಮುಖವೂ ಅಷ್ಟೆ.

ಚೀನಾ ಬಲೆಗಳ ಹತ್ತಿರದಿಂದ ಟವರ್ ರಸ್ತೆ, ಅಲ್ಲಿಂದ ಪ್ರಿನ್ಸೆಸ್ ಸ್ಟ್ರೀಟ್, ಬರ್ಗರ್ ಸ್ಟ್ರೀಟ್, ರೋಸ್ ಸ್ಟ್ರೀಟ್. ಹೆಸರು ದೊಡ್ಡದು, ಬೀದಿ ಚಿಕ್ಕದು. ಒಂದೊಂದನ್ನೂ ಐದು ನಿಮಿಷದಲ್ಲಿ ದಾಟಬಹುದು. ದಾಟಬೇಡಿ. ಪ್ರತಿ ಅಡ್ಡ ಓಣಿಗೂ ಹತ್ತು ಹೆಜ್ಜೆ ಒಳಗೆ ಹೋಗಿ, ತಿರುಗಿ ನಿಂತು ನೋಡಿ. ಹೊಸಬರು ತಪ್ಪುವುದೇ ಇಲ್ಲಿ. ಎಲ್ಲರೂ ಮುಂದೆ ನೋಡಿಕೊಂಡು ನಡೆಯುತ್ತಾರೆ. ಎಷ್ಟೋ ಚಿತ್ರ ಇರುವುದು ಎದುರಿನಿಂದ ಬರುವವರಿಗಾಗಿ. ಹಾಗಾಗಿ ಒಂದೇ ಬೀದಿಯಲ್ಲಿ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ.

ಯಾವ ಗೋಡೆ ಹುಡುಕಬೇಕು? ಮನೆಯ ಮುಂದಿನ ಗೋಡೆಗಿಂತ ಕಂಪೌಂಡ್ ಗೋಡೆ. ಹೊಸ ಕಂಪೌಂಡಿಗಿಂತ ಬೀಗ ಹಾಕಿದ ಹಳೇ ಗೋಡೌನಿನ ಗೋಡೆ. ಮುಚ್ಚಿದ ಕಿಟಕಿ, ಇಟ್ಟಿಗೆ ಇಟ್ಟು ಮುಚ್ಚಿದ ಬಾಗಿಲು, ಮೀಟರ್ ಪೆಟ್ಟಿಗೆಯ ಪಕ್ಕದ ಒಂದಡಿ ಜಾಗ. ದೊಡ್ಡ ಚಿತ್ರ ಯಾರಿಗಾದರೂ ಕಾಣುತ್ತದೆ. ಸಣ್ಣದು ಸಿಕ್ಕರೆ ಮಜಾ.

ಸಣ್ಣದು ಅಂದಾಗ ಒಬ್ಬರನ್ನು ಹೇಳಲೇಬೇಕು. ಕೊಚ್ಚಿಯಲ್ಲಿ "ಗೆಸ್ ಹೂ" ಅನ್ನುವ ಹೆಸರಿನಲ್ಲಿ ಬರೆಯುವ ಕಲಾವಿದರೊಬ್ಬರಿದ್ದಾರೆ. ಯಾರು ಅಂತ ಹೊರಗೆ ಗೊತ್ತಿಲ್ಲ, ಹೆಸರೇ ಹಾಗಿದೆ. ಪತ್ರಿಕೆಗಳು ಅವರನ್ನು ಕೇರಳದ ಬ್ಯಾಂಕ್ಸಿ ಅಂತ ಕರೆದವು. ಬ್ಯಾಂಕ್ಸಿ ಅಂದರೆ ಹೀಗೇ ಗುರುತು ಬಿಟ್ಟುಕೊಡದ ಇಂಗ್ಲೆಂಡಿನ ಗೋಡೆ ಕಲಾವಿದ. ಹೊರದೇಶದ ಪ್ರಸಿದ್ಧ ಮುಖಗಳನ್ನು ಕೇರಳದ ವೇಷ, ಸಂದರ್ಭಗಳಿಗೆ ತಂದು ಕೂರಿಸುವುದು ಅವರ ಆಟ. ಕೆಲಸವೆಲ್ಲಾ ಹೆಚ್ಚಾಗಿ ಕತ್ತರಿಸಿದ ಅಚ್ಚು ಇಟ್ಟು ಬಣ್ಣ ಹೊಡೆಯುವ ಸ್ಟೆನ್ಸಿಲ್‌ನದು. ಹಳೆಯವು ಬಹಳಷ್ಟು ಅಳಿಸಿಹೋಗಿವೆ. ಅವರದೇ ರೀತಿಯಲ್ಲಿ ಬೇರೆಯವರು ಮಾಡಿದ್ದೂ ಇರುತ್ತದೆ. ಹಾಗಾಗಿ ಕಂಡ ಸ್ಟೆನ್ಸಿಲ್‌ಗೆಲ್ಲಾ ಅವರ ಹೆಸರು ಅಂಟಿಸಬೇಡಿ.

ರೋಸ್ ಸ್ಟ್ರೀಟಿನಿಂದ ಪರೇಡ್ ಮೈದಾನದ ಕಡೆ ಬನ್ನಿ. ಹುಡುಗರು ಫುಟ್‌ಬಾಲ್ ಆಡುತ್ತಿರುತ್ತಾರೆ, ಸುತ್ತ ದೈತ್ಯ ಮಳೆಮರಗಳು. ಅಲ್ಲೇ ಎಲ್ಲಾದರೂ ಪುಟ್ಟು-ಕಡಲೆ ತಿನ್ನಿ. ಇಷ್ಟು ಹೊತ್ತಿಗೆ ನಡಿಗೆ ಶುರುವಾಗಿ ಎರಡು ತಾಸು ಆಗಿರುತ್ತದೆ.

ಒಂದು ಗೋಡೆ ಮುಂದೆ ಹತ್ತು ನಿಮಿಷ

ಈ ಭಾಗ ಓದದೆ ಮುಂದೆ ಹೋಗಬೇಡಿ, ಉಳಿದದ್ದೆಲ್ಲಾ ಬಿಟ್ಟರೂ ಪರವಾಗಿಲ್ಲ.

ಒಂದು ಚಿತ್ರ ಸಿಕ್ಕಿತು ಅಂದುಕೊಳ್ಳಿ. ಫೋನ್ ಜೇಬಿನಲ್ಲೇ ಇರಲಿ. ಮೊದಲು ರಸ್ತೆಯ ಆಚೆ ಬದಿಗೆ ಹೋಗಿ ನಿಲ್ಲಿ. ಬರೆದವರಿಗೆ ಈ ಗೋಡೆಯೇ ಯಾಕೆ ಬೇಕಿತ್ತು ಅಂತ ಕೇಳಿಕೊಳ್ಳಿ. ಮೇಲಿನಿಂದ ಇಳಿಬಿದ್ದ ಬಳ್ಳಿಯನ್ನು ಕೂದಲು ಮಾಡಿಕೊಂಡಿರಬಹುದು. ನೀರಿನ ಪೈಪನ್ನು ಯಾರೋ ಹತ್ತುತ್ತಿರಬಹುದು. ಬರೀ ಖಾಲಿ ಜಾಗ ಸಿಕ್ಕಿತು ಅಂತ ಬರೆದ ಚಿತ್ರಕ್ಕೂ ಗೋಡೆಯನ್ನು ಓದಿ ಬರೆದ ಚಿತ್ರಕ್ಕೂ ಅಜಗಜಾಂತರ. ನನ್ನ ಪ್ರಕಾರ ಊರಿನ ದೊಡ್ಡ ದೊಡ್ಡ ಚಿತ್ರಗಳಲ್ಲಿ ಮೊದಲನೆಯ ಜಾತಿಯೇ ಜಾಸ್ತಿ. ಕಥಕ್ಕಳಿ ಮುಖ, ದೋಣಿ, ಆನೆ, ಮುಗೀತು. ಪ್ರವಾಸಿಗರಿಗೆ ಸೆಲ್ಫಿ ಬೇಕಲ್ಲ.

ಆಮೇಲೆ ಹತ್ತಿರ ಬನ್ನಿ, ಒಂದು ಗೇಣು ದೂರಕ್ಕೆ. ಅಂಚು ನೋಡಿ. ಅಂಚು ಕತ್ತರಿಸಿದ ಹಾಗೆ ಚೂಪಾಗಿದ್ದು ಸುತ್ತ ಬಣ್ಣದ ಧೂಳು ಸಿಡಿದಿದ್ದರೆ ಸ್ಟೆನ್ಸಿಲ್ ಇಟ್ಟು ಸ್ಪ್ರೇ ಹೊಡೆದದ್ದು. ಬೇಗ ಮುಗಿಸಿ ಓಡುವವರ ಕೆಲಸ. ಬ್ರಷ್ಷಿನ ಗೆರೆ ಇದ್ದರೆ ಏಣಿ ಹಾಕಿಕೊಂಡು, ಮಾಲೀಕರ ಒಪ್ಪಿಗೆ ಪಡೆದು, ದಿನಗಟ್ಟಲೆ ಬರೆದದ್ದು. ಸ್ವಲ್ಪ ನೋಡಿ ಅಭ್ಯಾಸವಾದರೆ ದೂರದಿಂದಲೇ ಗೊತ್ತಾಗುತ್ತದೆ.

ಇನ್ನು ಕೆಳಗಿನ ಎರಡು ಅಡಿ. ಎಲ್ಲಾ ಚಿತ್ರಗಳೂ ಸಾಯಲು ಶುರು ಮಾಡುವುದು ಅಲ್ಲಿಂದ. ಕೊಚ್ಚಿಯ ಹಳೇ ಗೋಡೆಗಳಲ್ಲಿ ಮುರಕಲ್ಲು (ಜಂಬಿಟ್ಟಿಗೆ) ಜಾಸ್ತಿ, ಮೇಲೆ ಸುಣ್ಣದ ಗಾರೆ. ಕರಾವಳಿಯವರಿಗೆ ಇದು ಹೊಸದಲ್ಲ. ಮುರಕಲ್ಲು ನೆಲದ ನೀರನ್ನು ಮೇಲಕ್ಕೆ ಎಳೆಯುತ್ತದೆ, ಸುಣ್ಣ ಅದನ್ನು ಉಸಿರಾಡಿ ಹೊರಗೆ ಬಿಡುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ನೀರು ಹೊರಗೆ ಹೋಗುವ ದಾರಿ ಮುಚ್ಚುತ್ತದೆ. ಒಳಗೆ ಉಪ್ಪು ಹರಳುಗಟ್ಟಿ ಬಣ್ಣವನ್ನು ಹೊರಗೆ ತಳ್ಳುತ್ತದೆ. ಹಪ್ಪಳದ ಹಾಗೆ ಎದ್ದ ಆ ಬಣ್ಣದ ಪದರವನ್ನು ಬೆರಳಿನಿಂದ ಮುಟ್ಟಬೇಡಿ, ಒಂದು ಮುಟ್ಟಿದರೆ ಅಂಗೈಯಗಲ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ ಮೇಲಿನಿಂದ ಪಾಚಿ ಇಳಿಯುತ್ತದೆ, ಕೆಳಗಿನಿಂದ ಉಪ್ಪು ಏರುತ್ತದೆ. ಮಧ್ಯದಲ್ಲಿ ಉಳಿದದ್ದು ನಮಗೆ.

ನಾನು ನೋಡಿದ ಒಂದು ಚಿತ್ರದಲ್ಲಿ ಹುಡುಗಿಯೊಬ್ಬಳು ಗಾಳಿಪಟ ಹಿಡಿದು ನಿಂತಿದ್ದಳು. ಎರಡನೇ ಸಲ ಹೋದಾಗ ಅವಳ ಮೊಣಕಾಲಿನ ಕೆಳಗೆ ಏನೂ ಇರಲಿಲ್ಲ, ಬರೀ ಕೆಂಪು ಕಲ್ಲು. ಅವಳ ಭುಜದ ಬಿರುಕಿನಲ್ಲಿ ಜರಿಗಿಡ ಹುಟ್ಟಿತ್ತು. ಮೂರನೇ ಸಲ ಜರಿಗಿಡ ಇತ್ತು, ಹುಡುಗಿ ಇರಲಿಲ್ಲ. ಮೂರೂ ಫೋಟೋ ನನ್ನ ಬಳಿ ಇವೆ. ಹಾಗಾಗಿ ಫೋಟೋ ತೆಗೆಯುವಾಗ ಚಿತ್ರ ಮಾತ್ರ ತುಂಬಿಸಬೇಡಿ. ಪಕ್ಕದ ಬಾಗಿಲು, ಬೋರ್ಡು, ಕಂಬ, ಏನಾದರೂ ಒಂದು ಬರಲಿ. ಮುಂದಿನ ಸಲ ಗೋಡೆ ಗುರುತು ಹಿಡಿಯಲು ಅದೇ ಬೇಕು. ಪುಸ್ತಕದಲ್ಲಿ ತಾರೀಕು, ಬೀದಿ, ಏನು ಉಳಿದಿದೆ ಅಂತ ಒಂದು ಸಾಲು.

ಗೋಡೆ ಚಿತ್ರವನ್ನು ಮಳೆಯೊಂದೇ ಅಳಿಸುವುದಿಲ್ಲ ಅನ್ನಿ. 2012ರ ಬಿನಾಲೆಗೆ ಬಂದ ಆಸ್ಟ್ರೇಲಿಯಾದ ಡೇನಿಯಲ್ ಕಾನೆಲ್ ಊರಿನ ಚಹಾ ಅಂಗಡಿಯವರೊಬ್ಬರ ಮುಖವನ್ನು ಇದ್ದಿಲಿನಲ್ಲಿ ಗೋಡೆ ಮೇಲೆ ದೊಡ್ಡದಾಗಿ ಬರೆದರು. ಯಾರೋ ಅದನ್ನು ಹಾಳು ಮಾಡಿದರು. ಸಾಮಾನ್ಯ ಮನುಷ್ಯನ ಮುಖ ಅಷ್ಟು ದೊಡ್ಡದಾಗಿ ಕಂಡದ್ದು ಯಾರಿಗೋ ಸಹಿಸಲಿಲ್ಲವೇನೋ. 2016ರಲ್ಲಿ ಅರ್ಜೆಂಟೀನಾದ ಲೇಖಕರೊಬ್ಬರ ಕಾದಂಬರಿಯ ತುಣುಕುಗಳನ್ನು ಊರಿನ ಗೋಡೆ ಗೋಡೆಗಳಿಗೆ ಹಂಚಿದ್ದರು. ಕಾದಂಬರಿ ಓದಬೇಕಾದರೆ ಊರು ಸುತ್ತಬೇಕು. ಇದಕ್ಕಿಂತ ಒಳ್ಳೆಯ ನಡಿಗೆಯ ನೆಪ ನನಗೆ ಗೊತ್ತಿಲ್ಲ.

ಕೇಳಲು ನಾಚಿಕೆ ಬೇಡ

ಇಲ್ಲಿ ಕೇಳಿದರೆ ಹೇಳುತ್ತಾರೆ. ಗಂಡಸರಿಗೆ ಚೇಟ್ಟಾ, ಹೆಂಗಸರಿಗೆ ಚೇಚಿ. "ಚುಮರ್‌ಚಿತ್ರಂ ಎವಿಡೆಯಾ?" ಅಂದರೆ ಗೋಡೆ ಚಿತ್ರ ಎಲ್ಲಿದೆ. "ಇದು ಆರಾ ವರಚ್ಚದು?" ಅಂದರೆ ಇದು ಯಾರು ಬರೆದದ್ದು. ಮಲಯಾಳಿಗಳು ಚಿತ್ರವನ್ನು ವರಯ್ಕುತ್ತಾರೆ, ನಾವು ಬರೆಯುತ್ತೇವೆ. ಅಕ್ಕತಂಗಿಯರಂತಹ ಮಾತು, ಅರ್ಧ ಕೈಸನ್ನೆಯಲ್ಲೇ ನಡೆಯುತ್ತದೆ. ಮಟ್ಟಾಂಚೇರಿಯ ಚೇರ್ಲಾಯಿ ಕಡೆ ಹೋದರೆ ಕೊಂಕಣಿಯೇ ಸಾಕು, ಅಲ್ಲಿನ ಗೌಡ ಸಾರಸ್ವತರು ಎಷ್ಟೋ ತಲೆಮಾರುಗಳಿಂದ ಇದ್ದಾರೆ.

ಇದು ಜನ ವಾಸ ಮಾಡುವ ಊರು. ಚಿತ್ರ ಇರುವ ಗೋಡೆಯ ಹಿಂದೆ ಯಾರೋ ಹಲ್ಲುಜ್ಜುತ್ತಿರುತ್ತಾರೆ. ಗೇಟಿನೊಳಗೆ ಕಾಲಿಡುವ ಮುಂಚೆ ಒಂದು ಮಾತು ಕೇಳಿ. ಚಿತ್ರದ ಮುಂದೆ ಯಾರಾದರೂ ಕೂತಿದ್ದರೆ "ಫೋಟೋ ಎಡುಕ್ಕಟ್ಟೆ?" ಅನ್ನಿ. ಚಿತ್ರಕ್ಕೆ ಅಡ್ಡ ನಿಂತ ಆಟೋ ತೆಗೆಯಿರಿ ಅಂತ ಮಾತ್ರ ಕೇಳಬೇಡಿ. ಅದು ಅವರ ಸ್ಟ್ಯಾಂಡು. ನಾನು ಒಮ್ಮೆ ಕೇಳಿ, ಮುಖಕ್ಕೆ ಸರಿಯಾಗಿ ಹೇಳಿಸಿಕೊಂಡಿದ್ದೇನೆ.

ಹನ್ನೊಂದು ಗಂಟೆಗೆ ನೆರಳು: ಸಾಂತಾ ಕ್ರೂಸ್ ಬೆಸಿಲಿಕಾ

ಬಿಸಿಲೇರಿದ ಮೇಲೆ ಬೀದಿ ಬಿಟ್ಟು ಒಳಗೆ ಹೋಗಿ. ಪರೇಡ್ ಮೈದಾನದಿಂದ ಸಾಂತಾ ಕ್ರೂಸ್ ಬೆಸಿಲಿಕಾ ಅನ್ನುವ ಈ ದೊಡ್ಡ ಚರ್ಚು ದೂರವಿಲ್ಲ. ಮಂಗಳೂರಿನವರು ಇಲ್ಲಿ ಒಂದು ಕ್ಷಣ ನಿಂತುಬಿಡುತ್ತಾರೆ, ಎಲ್ಲೋ ನೋಡಿದ ಕೈ ಅನ್ನಿಸುತ್ತದೆ. ಸರಿಯೇ. ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್‌ನ ಗೋಡೆ, ಮಾಡು ತುಂಬಾ ಚಿತ್ರ ಬರೆದ ಇಟಲಿಯ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೆನಿ ಇಲ್ಲಿಯ ಚಿತ್ರಗಳನ್ನೂ ಬರೆದದ್ದು. ಮುಖ್ಯ ಪೀಠದ ಅಲಂಕಾರಕ್ಕೆ ಮಂಗಳೂರಿನವರೇ ಆದ ಡಿ'ಗಾಮಾ ಅನ್ನುವ ಶಿಷ್ಯರು ಜೊತೆಗಿದ್ದರು. ಮೊಸ್ಕೆನಿ ತೀರಿಕೊಂಡದ್ದು 1905ರ ನವೆಂಬರ್ 15ಕ್ಕೆ. ಬೆಸಿಲಿಕಾದ ಪ್ರತಿಷ್ಠೆ ಆದದ್ದು ನವೆಂಬರ್ 19ಕ್ಕೆ. ನಾಲ್ಕು ದಿನ.

ಪೂಜೆ ನಡೆಯುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿರಿ. ತಲೆಯೆತ್ತಿ ನೋಡಲು ಕೂತ ಜಾಗವೇ ಸಾಕು.

ಮಟ್ಟಾಂಚೇರಿಗೆ ಹೋಗುವ ದಾರಿ

ಊಟ ಮುಗಿಸಿ ಕಲ್ವತ್ತಿ ರಸ್ತೆಗೆ ಬನ್ನಿ. ಆಸ್ಪಿನ್‌ವಾಲ್ ಹೌಸ್ ಇಲ್ಲಿದೆ. 1867ರಲ್ಲಿ ಶುರುವಾದ ಕಂಪನಿ, ಮೆಣಸು, ತೆಂಗಿನೆಣ್ಣೆ, ನಾರು ಅಂತ ವ್ಯಾಪಾರ ಮಾಡುತ್ತಿತ್ತು. ಮೊದಲ ಐದು ಬಿನಾಲೆಗಳಿಗೂ ಇದೇ ಮುಖ್ಯ ಮನೆಯಾಗಿತ್ತು. ಇದರ ಆಚೀಚಿನ ಉದ್ದ ಗೋಡೆಗಳನ್ನು ತಪ್ಪಿಸಬೇಡಿ.

ಮುಂದೆ ಬಜಾರ್ ರಸ್ತೆ. ಅರಮನೆವರೆಗೆ ಎರಡೂವರೆ ಕಿಲೋಮೀಟರ್ ಆಸುಪಾಸು. ನಡೆಯಿರಿ ಅಂತಲೇ ನನ್ನ ಸಲಹೆ, ಆದರೆ ಮಧ್ಯಾಹ್ನದ ಸೆಕೆಗೆ ಹೆದರಿದರೆ ಆಟೋ ತಪ್ಪಲ್ಲ. ಎರಡೂ ಕಡೆ ಹಳೇ ಮಳಿಗೆಗಳು, ಶುಂಠಿ ಮೆಣಸಿನ ಘಾಟು. ಇಲ್ಲಿ ಚಿತ್ರಗಳ ಜೊತೆ ಇನ್ನೊಂದು ನೋಡಬಹುದು: ಕೈಬರಹದ ಹಳೇ ಅಂಗಡಿ ಬೋರ್ಡುಗಳು, ಗೋಡೆಗೆ ನೇರವಾಗಿ ಬರೆದ ಚುನಾವಣಾ ಚಿಹ್ನೆಗಳು. ನನಗೆ ಇವೂ ಗೋಡೆ ಚಿತ್ರವೇ. ಕುಡುಗೋಲು, ಕೈ, ಕಮಲ ಎಲ್ಲಾ ಪಕ್ಕಪಕ್ಕ, ಅಕ್ಷರಗಳ ನೆರಳು ಎಷ್ಟು ಅಚ್ಚುಕಟ್ಟು ಅಂದರೆ ಬರೆದವರ ಕೈ ಹಿಡಿದು ನೋಡಬೇಕು ಅನ್ನಿಸುತ್ತದೆ.

ಕೊನೆಗೆ ಹಳೆಯದು

ಮಟ್ಟಾಂಚೇರಿ ಅರಮನೆಗೆ ಡಚ್ ಅರಮನೆ ಅಂತ ಹೆಸರು. ಕಟ್ಟಿಸಿದ್ದು ಮಾತ್ರ ಪೋರ್ಚುಗೀಸರು, ಹದಿನಾರನೇ ಶತಮಾನದ ನಡುವಿನಲ್ಲಿ, ಕೊಚ್ಚಿ ರಾಜನಿಗೆ ಉಡುಗೊರೆಯಾಗಿ. ಡಚ್ಚರು 1663ರಲ್ಲಿ ದುರಸ್ತಿ ಮಾಡಿಸಿ ಹೆಸರು ಹೊಡೆದುಕೊಂಡರು. ಈಗ ಪುರಾತತ್ವ ಇಲಾಖೆಯ ಕೈಯಲ್ಲಿದೆ. ಟಿಕೆಟ್ ಅಗ್ಗ. ಒಳಗೂ ಫೋನ್ ಜೇಬಿನಲ್ಲೇ ಇರಲಿ, ಅದೇ ಒಳ್ಳೆಯದು.

ಪಲ್ಲಕ್ಕಿ, ರಾಜರ ಪಟ, ನಕ್ಷೆಗಳನ್ನೆಲ್ಲಾ ಬೇಗ ದಾಟಿ ರಾಜರ ಮಲಗುವ ಕೋಣೆಗೆ ಹೋಗಿ. ಪಳ್ಳಿಯರ ಅನ್ನುತ್ತಾರೆ. ಗೋಡೆಯ ತುಂಬಾ ರಾಮಾಯಣ, ದಶರಥನ ಯಾಗದಿಂದ ಶುರು. ಒಳಗೆ ಬೆಳಕು ಕಡಿಮೆ. ಎರಡು ನಿಮಿಷ ಸುಮ್ಮನೆ ನಿಲ್ಲಿ, ಕಣ್ಣು ಹೊಂದಿಕೊಳ್ಳಲಿ. ಆಗ ಒಂದೊಂದೇ ಮುಖ ಹೊರಗೆ ಬರುತ್ತದೆ. ಖಾಲಿ ಜಾಗವೇ ಇಲ್ಲ, ಒಬ್ಬರ ಭುಜ ಮುಗಿಯುವಲ್ಲಿ ಇನ್ನೊಬ್ಬರ ಕಿರೀಟ. ಆ ಕಿರೀಟ, ಆ ಆಭರಣ ನೋಡಿದರೆ ಯಕ್ಷಗಾನ ನೋಡಿ ಬೆಳೆದವರಿಗೆ ಮನೆಗೆ ಬಂದ ಹಾಗೆ.

ಬಣ್ಣ ಎಣಿಸಿ. ಕೆಂಪು, ಹಳದಿ, ಹಸಿರು, ಕಪ್ಪು, ಬಿಳಿ. ಕೇರಳದ ಚುಮರ್‌ಚಿತ್ರದ ಪಂಚವರ್ಣ ಇಷ್ಟೇ. ಕೆಂಪು, ಹಳದಿ ಮಣ್ಣುಕಲ್ಲಿನಿಂದ, ಕಪ್ಪು ದೀಪದ ಕಾಡಿಗೆಯಿಂದ, ಹಸಿರಿಗೆ ನೀಲಿ ಗಿಡದ ರಸ ಬೆರೆಸುತ್ತಿದ್ದರು. ಗೋಡೆಗೆ ಸುಣ್ಣದ ಗಾರೆ ಪದರ ಪದರವಾಗಿ ಹಚ್ಚಿ, ಒಣಗಿದ ಮೇಲೆ ಬೇವಿನ ಅಂಟು ಸೇರಿಸಿದ ಬಣ್ಣದಲ್ಲಿ ಬರೆಯುವುದು. ರಾಮ, ಕೃಷ್ಣ ಹಸಿರು ಯಾಕೆ ಅಂತ ಮಕ್ಕಳು ಕೇಳಿದರೆ, ಅದು ಸಾತ್ವಿಕರ ಬಣ್ಣ ಅನ್ನಿ. ಕಥಕ್ಕಳಿಯ "ಪಚ್ಚ" ವೇಷದ ಹಸಿರೂ ಅದೇ ಲೆಕ್ಕ.

ಬೆಳಗ್ಗೆ ನೋಡಿದ ಹಪ್ಪಳದ ಹಾಗೆ ಎದ್ದ ಬಣ್ಣ ಈಗ ನೆನಪಿಸಿಕೊಳ್ಳಿ. ಎರಡೂ ಅದೇ ಊರಿನ ಗೋಡೆ, ಅದೇ ಉಪ್ಪುಗಾಳಿ. ಒಂದು ಮೂರು ಮಳೆಗಾಲಕ್ಕೆ ಹೋಯಿತು, ಇನ್ನೊಂದು ಮೂರು ನಾಲ್ಕು ಶತಮಾನ ನಿಂತಿದೆ. ಮಾಡಿನ ಕೆಳಗಿರುವುದು ದೊಡ್ಡ ಕಾರಣ, ನಿಜ. ಆದರೆ ಇಲ್ಲಿ ಬಣ್ಣ ಸುಣ್ಣದ ಉಸಿರು ಕಟ್ಟಿಸಿಲ್ಲ ಅನ್ನುವುದೂ ಒಂದು. ಅದಕ್ಕೇ ನಾನು ಬೀದಿ ಮೊದಲು, ಅರಮನೆ ಆಮೇಲೆ ಅನ್ನುವುದು. ಉಲ್ಟಾ ಮಾಡಿದರೆ ಬೀದಿಯ ಚಿತ್ರ ಪೇಲವ ಅನ್ನಿಸಿಬಿಡುತ್ತದೆ, ಪಾಪ.

ಕೆಳಗಿನ ಅಂತಸ್ತಿನ ಕೋಣೆ ತೆರೆದಿದ್ದರೆ ಬಿಡಬೇಡಿ. ಗೋವರ್ಧನ ಎತ್ತಿದ ಕೃಷ್ಣ ಅಲ್ಲಿದ್ದಾನೆ. ಹೊರಗೆ ಬರುವಾಗ ನೆಲವನ್ನೂ ನೋಡಿ. ಕಪ್ಪು ಅಮೃತಶಿಲೆಯ ಹಾಗೆ ಹೊಳೆಯುತ್ತದೆ, ಆದರೆ ಕಲ್ಲಲ್ಲ. ಸುಟ್ಟ ತೆಂಗಿನ ಚಿಪ್ಪು, ಇದ್ದಿಲು, ಸುಣ್ಣ, ಗಿಡದ ರಸ, ಮೊಟ್ಟೆಯ ಬಿಳಿ ಸೇರಿಸಿ ಮಾಡಿದ್ದು ಅನ್ನುತ್ತಾರೆ.

ವಾಪಸ್ಸು

ಬೆಳಗ್ಗೆ ಇಳಿಯುವಾಗಲೇ ಜೆಟ್ಟಿಯಲ್ಲಿ ಕೊನೆಯ ಬೋಟ್ ಎಷ್ಟಕ್ಕೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ರಜಾ ದಿನ ಸಂಜೆ ಟಿಕೆಟ್ಟಿಗೆ ಉದ್ದ ಕ್ಯೂ ಇರುತ್ತದೆ, ಅರ್ಧ ಗಂಟೆ ಮುಂಚೆ ಹೋಗಿ. ತಪ್ಪಿದರೆ ಗಾಬರಿ ಬೇಡ, ತೋಪ್ಪುಂಪಡಿ ಮೇಲೆ ಎರ್ನಾಕುಲಂಗೆ ಬಸ್ಸುಗಳಿವೆ. ಕ್ಯೂನಲ್ಲಿ ನಿಂತಾಗ ಪಳಂಪೊರಿ (ಬಾಳೆಹಣ್ಣಿನ ಬಜ್ಜಿ) ತಿನ್ನುತ್ತಾ ಪುಸ್ತಕದ ಸಾಲುಗಳನ್ನು ಒಮ್ಮೆ ತಿದ್ದಿ. ಬೀದಿ ಹೆಸರು ಅವತ್ತೇ ಬರೆಯದಿದ್ದರೆ ರೋಸ್ ಯಾವುದು, ಬರ್ಗರ್ ಯಾವುದು ಅಂತ ಮರುದಿನ ಖಂಡಿತ ನೆನಪಿರುವುದಿಲ್ಲ.